ಕಾಮನಬಿಲ್ಲು ನೀರು ಕುಡಿದ ಜಾಗ

ಕೆದಂಬಾಡಿ
2-11-1958

ಪ್ರೀತಿಯ ಗೋದಾವರಿಗೆ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ನಗಬೇಡ. ಐದನೆಯ ಕ್ಲಾಸು ಬಿಟ್ಟ ಮೇಲೆ ಇಷ್ಟು ಉದ್ದಕ್ಕೆ ಬರೆಯುವುದು ಇದೇ ಮೊದಲು. ಸಾಲು ತನ್ನಷ್ಟಕ್ಕೆ ಕೆಳಗೆ ಇಳಿಯುತ್ತದೆ. ಹೊಟ್ಟೆ ಸೀಳಬೇಕಾದ ಅಕ್ಷರಕ್ಕೆ ಸೀಳಲು ಮರೆಯುತ್ತೇನೆ, ಬೇಡದ್ದಕ್ಕೆ ಸೀಳುತ್ತೇನೆ. ನೀನು ಟೀಚರ್ ಆಗುವವಳು. ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಮಾತ್ರ ಕಳುಹಿಸಬೇಡ. ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ ಎಂದು ನಿನಗೆ ಗೊತ್ತಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಪ್ಪನಿಗೂ ನಮ್ಮ ಬಾಪನಿಗೂ ಮಾತು ನಿಂತಿದೆ.

ನೀನು ಮಂಗಳೂರಿಗೆ ಹೋದ ಮೇಲೆ ಇಬ್ಬರೂ ಸೇರಿ ಒಂದು ಬಾವಿ ತೋಡುವ ಮಾತು ನಡೆದಿತ್ತು. ನಿಮ್ಮ ಬಾವಿ ಮಾರ್ಚಿಗೆ ಬತ್ತುತ್ತದೆ. ನಮಗೆ ಬಾವಿಯೇ ಇಲ್ಲ. ನಿನ್ನ ಅಮ್ಮ ಸೇದಿ ನನ್ನ ಕೊಡಕ್ಕೆ ಹೊಯ್ಯುವ ನೀರಿನಲ್ಲಿ ನಮ್ಮ ಒಲೆ ಉರಿಯುವುದು. ಎದುರಿನ ಗುಡ್ಡದ ಬುಡದಲ್ಲಿ ಯಾರ ಬದಿಗೆ ನೀರು ಇದ್ದರೂ ಸರಿ, ಅಲ್ಲಿ ಇಬ್ಬರಿಗೂ ಸೇರಿದ ಒಂದು ಬಾವಿ, ಈಚೆಗೊಂದು ರಾಟೆ, ಆಚೆಗೊಂದು ರಾಟೆ ಎಂದು ಆಯಿತು. ಜಾಗ ಹೇಳುವವರು ಯಾರು ಎನ್ನುವುದೇ ಪ್ರಶ್ನೆ. ಗಡಿಯ ಬೇಲಿ ದಾಟುವ ತಡಮೆಯ ಆಚೆ ಈಚೆ ನಿಂತು ಇಬ್ಬರೂ ಮಾತಾಡುತ್ತಿದ್ದರು.

"ಪುತ್ತೂರಿನ ಜೋಯಿಸರ ಹತ್ರ ಒಂದು ಮಾತು ಕೇಳುವ ಬ್ಯಾರಿಗಳೆ" ಎಂದರು ನಿನ್ನ ಅಪ್ಪ.

"ನಿಮ್ಮ ಜೋಯಿಸರು ನಿಮ್ಮ ಬದಿಗೇ ನೀರು ಹೇಳುದು ಮಾರಾಯ್ರೆ. ನಾನು ನಮ್ಮ ಮಸೀದಿಯ ಮುಸ್ಲಿಯಾರರ ಹತ್ರ ಕೇಳ್ತೇನೆ."

"ಅವರು ಯಾರ ಬದಿಗೆ ಹೇಳುದು? ನನ್ನ ಬದಿಗಾ?"

ಇಬ್ಬರೂ ಎಷ್ಟು ನಕ್ಕರು ಎಂದರೆ ಉಮ್ಮ ಒಳಗಿಂದ ಇಣುಕಿ ನೋಡಿದಳು. ಆಮೇಲೆ ಬಾಪ ಹೇಳಿದ್ದು: "ನಮ್ಮ ಅಜ್ಜಿ ಹೇಳುದಿತ್ತು, ಕಾಮನಬಿಲ್ಲಿನ ಕಾಲು ಎಲ್ಲಿ ಇಳೀತದೋ ಅಲ್ಲಿ ಅದು ನೀರು ಕುಡೀತದೆ ಅಂತ. ಆಕಾಶ ನಿಮ್ಮದ್ದೂ ಅಲ್ಲ, ನಮ್ಮದ್ದೂ ಅಲ್ಲ. ಅದನ್ನೇ ನೋಡುವ." ನಿನ್ನ ಅಪ್ಪನೂ, ನಮ್ಮಲ್ಲೂ ಹಾಗೆ ಹೇಳುದುಂಟು ಎಂದು ಒಪ್ಪಿದರು.

ಕಳೆದ ವಾರ ಸಂಜೆ ಗುಡುಗಿನ ಮಳೆ ಬಂದು ಹಿಂದಿನಿಂದ ಬಿಸಿಲು ಬಿತ್ತು. ಎದುರಿನ ಗುಡ್ಡದಲ್ಲಿ ಬಿಲ್ಲು ಎದ್ದಿತು. ಅದರ ಬಲಗಾಲು ನಮ್ಮ ಕರಿಬಂಡೆಯ ಪಕ್ಕದಲ್ಲೇ ಇಳಿದಿತ್ತು. ಬಾಪ ಅಂಗಳದಲ್ಲಿ ನಿಂತು, "ಓ ಭಟ್ರೇ! ಕಂಡಿತಾ? ಬಂಡೆಯ ಹತ್ರ ನೋಡಿ!" ಎಂದು ಕೂಗಿದರು. ನಿನ್ನ ಅಪ್ಪ ನಿಮ್ಮ ಅಂಗಳದಲ್ಲೇ ನಿಂತಿದ್ದರು. ಹೆಗಲಿನ ಬೈರಾಸು ಕೂಡ ಕಾಣುತ್ತಿತ್ತು. ಆದರೆ ಓ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ತಡಮೆಯ ಹತ್ತಿರ ಬಂದು, "ಗೇರುಮರದ ಬುಡ ಬ್ಯಾರಿಗಳೆ. ಸರಿಯಾಗಿ ನೋಡಿದ್ದೇನೆ" ಎಂದರು. ಗೇರುಮರ ನಿಮ್ಮ ಬದಿಗೆ, ಬಂಡೆ ನಮ್ಮ ಬದಿಗೆ.

"ನಿನ್ನೆ ನಾನು ಗಂಟಲು ಹರಿಯುವ ಹಾಗೆ ಕೂಗುವಾಗ ಓ ಅನ್ಲಿಕ್ಕೆ ಎಂತ ಆಗಿತ್ತು ನಿಮಗೆ? ರಾತ್ರಿ ಇಡೀ ಕೂತು ಗೇರುಮರ ಹುಡುಕಿದ್ದಾ?"

ನಿನ್ನ ಅಪ್ಪ ತಿರುಗಿ ಹೋದರು. ಅಂದಿನಿಂದ ಹೀಗೆ.

ಗೋದಾವರಿ, ನಾನೂ ಬಾಪನ ಪಕ್ಕದಲ್ಲಿ ನಿಂತು ನೋಡಿದ್ದೆ. ಕಾಲು ಬಂಡೆಯ ಹತ್ತಿರವೇ ಇತ್ತು. ಆದರೆ ನಿನ್ನ ಅಪ್ಪ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ. ಇದು ಹೇಗೆ? ನಿಮ್ಮ ಟ್ರೈನಿಂಗ್ ಶಾಲೆಯಲ್ಲಿ ಗೊತ್ತಿದ್ದವರು ಇದ್ದರೆ ಕೇಳಿ ತಿಳಿಸು.

ಹೀಗೆ ಕಾಯುತ್ತಿರುವ
ಸಫಿಯಮ್ಮ


ಮಂಗಳೂರು
16-11-1958

ಪ್ರೀತಿಯ ಸಫಿಯಾ,

ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ಸಾಲು ಇಳಿಯುವುದು ಹೌದು, ಆದರೆ ನಿನ್ನ ಮಾತಿನ ಹಾಗೆ ಮಧ್ಯದಲ್ಲಿ ನಿಂತುಹೋಗುವುದಿಲ್ಲ. ನೀನು ಇಷ್ಟು ಮಾತಾಡಬಲ್ಲೆ ಎಂದು ನನಗೆ ಈಗ ತಿಳಿಯಿತು.

ಅಪ್ಪ ಓ ಎನ್ನದೆ ಇದ್ದದ್ದು ಯಾಕೆ ಎಂದು ನನಗೆ ಗೊತ್ತು. ನಮ್ಮಲ್ಲಿ ಕಾಮನಬಿಲ್ಲು ಕಂಡವರು ಅದನ್ನು ಇನ್ನೊಬ್ಬರಿಗೆ ತೋರಿಸಬಾರದು, ಬೆರಳು ಮಾಡಬಾರದು. ಅದು ಮಾಯವಾಗುವ ತನಕ ಅದರ ಮಾತೇ ಎತ್ತಬಾರದು. ಚಿಕ್ಕವಳಿದ್ದಾಗ ನಾನು ಒಮ್ಮೆ ಬೆರಳು ತೋರಿಸಿದ್ದಕ್ಕೆ ಅಜ್ಜಿ ಆ ಬೆರಳನ್ನು ಕಚ್ಚಿಕೊಳ್ಳಲು ಹೇಳಿದ್ದರು. ಅಪ್ಪ ಮರುದಿನ ಬೆಳಿಗ್ಗೆ ಹೇಳಿದ್ದು ಅದಕ್ಕೇ. ನಿನ್ನ ಬಾಪನಿಗೆ ಇದನ್ನು ಹೇಳು.

ಆದರೆ ಬಂಡೆ ಎಲ್ಲಿ, ಗೇರುಮರ ಎಲ್ಲಿ! ಅದು ನನಗೂ ಅರ್ಥವಾಗಲಿಲ್ಲ. ನಮ್ಮ ಮಾಸ್ಟ್ರ ಹತ್ತಿರ ಕೇಳುತ್ತೇನೆ. ಅಮ್ಮ ಬರೆದ ಕಾಗದದಲ್ಲಿ ಜಗಳದ ಒಂದು ಮಾತೂ ಇಲ್ಲ. "ಈಗ ಸಫಿಯಾ ಬರುದಿಲ್ಲ" ಎಂದು ಮಾತ್ರ ಇತ್ತು.

ನಿನ್ನ
ಗೋದಾವರಿ


ಕೆದಂಬಾಡಿ
20-12-1958

ಪ್ರೀತಿಯ ಗೋದಾವರಿಗೆ,

ನೀನು ಬರೆದದ್ದನ್ನು ಬಾಪನಿಗೆ ಹೇಳಿದೆ. ಹೇಳಲು ಮೂರು ಸಲ ಹೋಗಿ ಎರಡು ಸಲ ಸುಮ್ಮನೆ ವಾಪಸು ಬಂದೆ. ಬಾಪ ಕೇಳಿ, "ಓ ಅನ್ನದ್ದು ಅದಕ್ಕಾದರೆ ಆಗಲಿ. ಗೇರುಮರಕ್ಕೆ ಎಂತ ಹೇಳ್ತಾರೆ?" ಎಂದರು.

ಬಾಪ ಬಂಡೆಯ ಪಕ್ಕದಲ್ಲಿ ಒಬ್ಬರೇ ಅಗೆಯಲು ತೊಡಗಿದ್ದಾರೆ. ಬೆಳಿಗ್ಗೆ ನಮಾಜು ಮುಗಿಸಿ ಪಿಕಾಸು ಹಿಡಿದು ಹೋದರೆ ಬಿಸಿಲು ಏರಿದ ಮೇಲೆಯೇ ಬರುವುದು. ಆಮೇಲೆ ನಮ್ಮ ಅಂಗಡಿ ತೆರೆಯುವುದು. ಉಮ್ಮ ಬೇಡ ಎನ್ನುವುದಿಲ್ಲ, ಬೇಕು ಎನ್ನುವುದೂ ಇಲ್ಲ.

ನೀರಿಗೆ ನಾನು ತೋಡಿಗೆ ಹೋಗುತ್ತೇನೆ. ಉಮ್ಮನಿಗೆ ಈಗ ಕೊಡ ಎತ್ತಲಾಗದು, ನಿನಗೆ ಅರ್ಥವಾದೀತು. ತೋಡಿನಲ್ಲಿ ಸಂಕ್ರಾಂತಿಯ ತನಕ ನೀರು ಹರಿಯಬಹುದು. ಮೊನ್ನೆ ನಿಮ್ಮ ಬೇಲಿಯ ಬದಿಯಿಂದ ಬರುವಾಗ ನಿನ್ನ ಅಮ್ಮ ಬಾವಿಯ ಹತ್ತಿರ ನಿಂತಿದ್ದರು. "ಸಫಿಯಾ, ಕೊಡ ಇತ್ತ ತಾ" ಎಂದರು. ನನ್ನ ಕೊಡದಲ್ಲಿ ತೋಡಿನ ನೀರು ತುಂಬಿತ್ತು. ತುಂಬಿದೆ ಸತ್ಯವತಿಯಮ್ಮ ಎಂದೆ. ಅದು ನಿಜವೇ ಆಗಿತ್ತು. ಆದರೂ ಮನೆಯ ತನಕ ಏನೋ ಒಂದು ತರ ಆಯಿತು.

ನಿನ್ನ
ಸಫಿಯಮ್ಮ


ಮಂಗಳೂರು
11-1-1959

ಪ್ರೀತಿಯ ಸಫಿಯಾ,

ಸಿಕ್ಕಿತು! ನಿಧಾನಕ್ಕೆ ಓದು. ನನಗೇ ಮಾಸ್ಟ್ರು ಎರಡು ಸಲ ಹೇಳಬೇಕಾಯಿತು.

ಮಾಸ್ಟ್ರು ಒಂದು ದುಂಡು ಗಾಜಿನ ಪಾತ್ರೆಯಲ್ಲಿ ನೀರು ತುಂಬಿಸಿ ಕಿಟಕಿಯ ಬಿಸಿಲಿಗೆ ಹಿಡಿದರು. ಇದು ಒಂದು ಮಳೆಹನಿ ಎಂದು ತಿಳಿಯಿರಿ ಎಂದರು. ಬಿಸಿಲು ಹನಿಯ ಒಳಗೆ ಹೋಗುವಾಗ ಸ್ವಲ್ಪ ಬಾಗುತ್ತದೆ. ಒಳಗೆ ಹೋಗಿ ಹಿಂಬದಿಯ ಗೋಡೆಗೆ ತಾಗಿ, ಕನ್ನಡಿಗೆ ತಾಗಿದ ಹಾಗೆ ತಿರುಗುತ್ತದೆ. ಹೊರಗೆ ಬರುವಾಗ ಇನ್ನೊಮ್ಮೆ ಬಾಗುತ್ತದೆ. ಬಿಳಿ ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಒಟ್ಟಿಗೆ ಇರುತ್ತವಂತೆ. ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಹೆಚ್ಚು ಬಾಗುತ್ತದೆ. ಹಾಗಾಗಿ ಹೊರಗೆ ಬರುವಾಗ ಬೇರೆ ಬೇರೆಯಾಗಿ ಬರುತ್ತವೆ. ಬಿಸಿಲು ಬಂದ ಕಡೆಗೇ ತಿರುಗಿ ಬರುವುದರಿಂದ, ಸೂರ್ಯ ನಮ್ಮ ಬೆನ್ನಿಗೆ ಇದ್ದರೆ ಮಾತ್ರ ಬಿಲ್ಲು ಕಾಣುತ್ತದೆ.

ಇನ್ನು ಅದು ಬಾಗಿರುವುದು ಯಾಕೆ ಎಂದು. ನಿಮ್ಮ ದನವನ್ನು ಗೂಟಕ್ಕೆ ಕಟ್ಟಿದರೆ ಅದು ಹಗ್ಗ ಎಳೆದು ಮೇಯ್ದ ಗೆರೆ ದುಂಡಗೆ ಇರುತ್ತದಲ್ಲ? ಹಗ್ಗದ ಉದ್ದ ಎಲ್ಲ ಕಡೆಗೂ ಒಂದೇ, ಅದಕ್ಕೆ. ಹನಿಯಿಂದ ಬಣ್ಣ ಹೊರಗೆ ಬರುವ ಓರೆಯೂ ಹಾಗೆಯೇ, ಎಲ್ಲ ಕಡೆಗೂ ಒಂದೇ. ಇಲ್ಲಿ ಗೂಟ ಯಾವುದು ಗೊತ್ತಾ? ನಿನ್ನ ತಲೆಯ ನೆರಳು. ಸೂರ್ಯನಿಂದ ನಿನ್ನ ತಲೆಯ ಮೂಲಕ ಒಂದು ನೇರ ಗೆರೆ ಎಳೆದರೆ ಅದು ನೆರಳಿನ ತಲೆಗೆ ಹೋಗುತ್ತದೆ. ಆ ಗೆರೆಯ ಸುತ್ತ ಒಂದೇ ಓರೆಯಲ್ಲಿರುವ ಹನಿಗಳು ಮಾತ್ರ ನಿನ್ನ ಕಣ್ಣಿಗೆ ಬಣ್ಣ ಕಳುಹಿಸುತ್ತವೆ. ಬಿಲ್ಲು ನಿಜವಾಗಿ ಒಂದು ಪೂರ್ತಿ ಬಳೆ. ಕೆಳಗಿನ ಭಾಗಕ್ಕೆ ನೆಲ ಅಡ್ಡ ಬರುವುದರಿಂದ ನಮಗೆ ಬಿಲ್ಲಿನ ಹಾಗೆ ಕಾಣುವುದು.

ಈಗ ಯೋಚನೆ ಮಾಡು. ಗೂಟ ನಿನ್ನ ನೆರಳಾದರೆ ನಿನ್ನ ಬಿಲ್ಲು ನಿನ್ನದೇ. ನಿನ್ನ ಬಾಪನ ನೆರಳು ಬೇರೆ, ನಮ್ಮ ಅಪ್ಪನ ನೆರಳು ಬೇರೆ. ಇಬ್ಬರು ನೋಡಿದ್ದು ಎರಡು ಬಿಲ್ಲು! ಇಬ್ಬರೂ ನಿಜ ಹೇಳಿದ್ದು! ಅದು ಎಲ್ಲಿಯೂ ಇಳಿಯುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ.

ಅಪ್ಪನಿಗೂ ಇದನ್ನೇ ಬರೆದಿದ್ದೇನೆ.

ನಿನ್ನ
ಗೋದಾವರಿ


ಕೆದಂಬಾಡಿ
8-2-1959

ಪ್ರೀತಿಯ ಗೋದಾವರಿಗೆ,

ನಿನ್ನ ಕಾಗದವನ್ನು ಅಕ್ಕಿ ಡಬ್ಬದ ಮೇಲಿಟ್ಟು ದಿನಾ ಓದಿದೆ. ದನದ ಹಗ್ಗ ಬಂದ ಮೇಲೆ ಎಲ್ಲ ಅರ್ಥವಾಯಿತು.

ಮಳೆ ಇಲ್ಲದೆ ಬಿಲ್ಲು ಎಲ್ಲಿಂದ ತರುವುದು? ಒಂದು ಬೆಳಿಗ್ಗೆ ಹಲ್ಲು ತಿಕ್ಕಿ ಬಾಯಿಯ ನೀರನ್ನು ಬಿಸಿಲಿಗೆ ಬೆನ್ನು ಹಾಕಿ ಜೋರಾಗಿ ಊದಿದೆ. ಕಂಡಿತು! ಅಂಗೈಯಷ್ಟು ಒಂದು ಚೂರು, ಒಂದು ಗಳಿಗೆ. ಇನ್ನೊಮ್ಮೆ ಊದಿದೆ. ಉಮ್ಮ ಬಂದು, "ನಿನಗೆ ಎಂತ ಹುಚ್ಚು ಹಿಡಿದಿದೆಯಾ? ತೋಡಿನಿಂದ ಹೊತ್ತು ತಂದ ನೀರು!" ಎಂದಳು. ನಾನು ಅವಳ ಕೈ ಹಿಡಿದು ಪಕ್ಕದಲ್ಲಿ ನಿಲ್ಲಿಸಿ ಊದಿದೆ.

"ಕಂಡಿತಾ?"

"ಕಂಡಿತು. ಬಾಳೆಗಿಡದ ಹತ್ರ."

"ನನಗೆ ತೊಳೆಯುವ ಕಲ್ಲಿನ ಹತ್ರ."

"ಸುಳ್ಳು."

"ಉಮ್ಮ, ನನ್ನ ಜಾಗಕ್ಕೆ ಬಾ."

ಅವಳು ಬಂದಳು, ನಾನು ಊದಿದೆ. ಉಮ್ಮ ತೊಳೆಯುವ ಕಲ್ಲಿನ ಕಡೆ ಕಣ್ಣು ಬಿಟ್ಟು ನೋಡಿದಳು. ಆಮೇಲೆ ತಾನೇ ಬಾಯಿ ತುಂಬ ನೀರು ಹಾಕಿಕೊಂಡು ಊದಿದಳು. ನಗು ಬಂದು ನೀರೆಲ್ಲ ರವಕೆಯ ಮೇಲೆ.

ಇನ್ನೊಂದು ಸಂಗತಿ ನಾನು ನೋಡಿದೆ. ನಮ್ಮ ಅಂಗಳದಿಂದ ನಿಮ್ಮ ಅಂಗಳಕ್ಕೆ ಎಷ್ಟು ದೂರವೋ, ಬಂಡೆಯಿಂದ ಗೇರುಮರಕ್ಕೂ ಸುಮಾರು ಅಷ್ಟೇ. ನಾವು ಎಷ್ಟು ಸರಿದು ನಿಂತರೆ ಬಿಲ್ಲೂ ಅಷ್ಟೇ ಸರಿಯುತ್ತದೆ. ಇದು ಸರಿಯೇ? ಮಾಸ್ಟ್ರ ಹತ್ತಿರ ಕೇಳು. ನನ್ನ ಹೆಸರು ಹೇಳಬೇಡ.

ಸಂಜೆ ಬಾಪ ಕೈಕಾಲು ತೊಳೆಯುವಾಗ ಉಮ್ಮನೇ ಹೇಳಿದಳು.

"ಭಟ್ರು ಸುಳ್ಳು ಹೇಳಿದ್ದಲ್ಲ. ಅವರ ಬಿಲ್ಲು ಬೇರೆ, ನಿಮ್ಮ ಬಿಲ್ಲು ಬೇರೆ."

"ಒಬ್ಬೊಬ್ಬರಿಗೆ ಒಂದೊಂದು ಬಿಲ್ಲಾ? ಹಾಗಾದ್ರೆ ನಿನಗೂ ಒಂದು ಉಂಟಾ?"

"ಉಂಟು. ಬೆಳಿಗ್ಗೆ ನಾನೇ ಮಾಡಿದ್ದೇನೆ."

ಬಾಪ ನನ್ನ ಕಡೆ ನೋಡಿದರು. ನಾನು ಒಳಗೆ ಹೋದೆ. "ಬಾಯಿಯ ಉಗುಳಿನದ್ದು ಬೇರೆ, ಆಕಾಶದ್ದು ಬೇರೆ" ಎಂದು ಹೇಳುವುದು ಕೇಳಿಸಿತು. ಆದರೆ ಮರುದಿನ ಅಗೆಯಲು ಹೋಗಲಿಲ್ಲ. ಹೊಂಡದಲ್ಲಿ ಕರಿಕಲ್ಲು ಬಂದಿದೆ. ಪಿಕಾಸು ಹೊಡೆದರೆ ಕಿಡಿ ಬರುತ್ತದೆಯೇ ಹೊರತು ಚೂರು ಏಳುವುದಿಲ್ಲ. ಅದಕ್ಕಾಗಿ ಹೋಗಲಿಲ್ಲವೋ, ಉಮ್ಮ ಹೇಳಿದ್ದಕ್ಕೋ ಗೊತ್ತಿಲ್ಲ.

ತೋಡು ಬತ್ತಿತು. ಈಗ ಮರಳಿನಲ್ಲಿ ಗುಂಡಿ ಮಾಡಿ ಚಿಪ್ಪಿನಲ್ಲಿ ಮೊಗೆಯುವುದು.

ನಿನ್ನ
ಸಫಿಯಮ್ಮ


ಮಂಗಳೂರು
1-3-1959

ಪ್ರೀತಿಯ ಸಫಿಯಾ,

ನೀನು ನೋಡಿದ್ದು ಸರಿ. ಮಾಸ್ಟ್ರು, ಇದನ್ನು ಹೇಳಿದವರು ಯಾರು ಎಂದು ಕೇಳಿದರು. ನನ್ನ ಗೆಳತಿ ಎಂದೆ, ಅಷ್ಟೇ.

ಅಪ್ಪನ ಉತ್ತರ ಬಂತು. "ನೀನು ಕಲಿಯುವುದು ಮಕ್ಕಳಿಗೆ ಪಾಠ ಹೇಳಲಿಕ್ಕೆ, ನನಗಲ್ಲ. ಬಿಲ್ಲು ಒಂದೋ ಎರಡೋ, ಬ್ಯಾರಿ ಆದಂ ಕುಂಞಿ, ನಾನು ರಾತ್ರಿ ಕೂತು ಸುಳ್ಳು ಹುಡುಕಿದೆ ಅಂದ. ಅದು ಬಿಲ್ಲಿನ ವಿಷಯ ಅಲ್ಲ" ಎಂದು ಬರೆದಿದ್ದಾರೆ. ಆ ಸಾಲಿನ ಅಡಿಗೆ ಗೆರೆ ಎಳೆದಿದ್ದಾರೆ. ಅಪ್ಪ ಗೆರೆ ಎಳೆಯುವವರಲ್ಲ.

ಮೇ ತಿಂಗಳ ನಡುವೆ ಪರೀಕ್ಷೆ ಮುಗಿದ ಮೇಲೆ ಬರುತ್ತೇನೆ. ನನಗೆ ಸುಳ್ಯದ ಕಡೆ ಒಂದು ಸಂಬಂಧ ನೋಡುತ್ತಿದ್ದಾರಂತೆ. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ನಿನ್ನ
ಗೋದಾವರಿ


ಕೆದಂಬಾಡಿ
19-4-1959

ಪ್ರೀತಿಯ ಗೋದಾವರಿಗೆ,

ಮನೆಯಲ್ಲಿ ತೊಟ್ಟಿಲು ಕಟ್ಟಿದ್ದೇವೆ. ತಂಗಿ. ಉಮ್ಮ ಚೆನ್ನಾಗಿದ್ದಾಳೆ. ಅದನ್ನು ಮೊದಲು ಬರೆಯಬೇಕಿತ್ತು ಎಂದು ಬರೆದೆ. ಇನ್ನು ನಿನ್ನೆಯದ್ದು.

ನಿನ್ನೆ ಸಂಜೆ ಈ ವರ್ಷದ ಮೊದಲ ಮಳೆ. ಬಾಪ ಜಗಲಿಯಲ್ಲಿ ಕುಳಿತಿದ್ದರು. ಮಳೆ ನಿಲ್ಲುವ ಮೊದಲೇ ಪಡುವಣದಿಂದ ಬಿಸಿಲು ಬಿತ್ತು, ಎದುರಿನ ಗುಡ್ಡದಲ್ಲಿ ಬಿಲ್ಲು ಎದ್ದಿತು. ಬಾಪ ಅಂಗಳಕ್ಕೆ ಇಳಿದರು. ಅದರ ಕಾಲು ಬಂಡೆಯ ಹತ್ತಿರ ಇರಲಿಲ್ಲ. ಗೇರುಮರದ ಹತ್ತಿರವೂ ಇರಲಿಲ್ಲ. ಎರಡನ್ನೂ ಬಿಟ್ಟು ಬೇರೆ ಎಲ್ಲೋ, ಒಂದು ತಾಳೆಮರದ ಮೇಲೆ ಇಳಿದಿತ್ತು. ಈಗ ಸೂರ್ಯ ಮುಳುಗುವ ಜಾಗವೇ ಬೇರೆಯಲ್ಲವೇ, ಹಾಗಾಗಿ ನಮ್ಮ ನೆರಳೂ ಬೇರೆ ಕಡೆಗೆ ಬೀಳುತ್ತದೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾಪ ಮಾತ್ರ, "ಹೋದ ಸಲ ಅಲ್ಲಿ, ಈ ಸಲ ಇಲ್ಲಿ. ಇದೆಂತದು!" ಎಂದರು.

ನಾನು ಹೇಗೆ ಬಾಯಿ ತೆರೆದೆನೋ ಗೊತ್ತಿಲ್ಲ. "ಬಾಪ, ಸ್ವಲ್ಪ ಆಚೆ ನಡೆದು ನೋಡಿ" ಎಂದೆ.

ಬಾಪ ಒಂದಿಷ್ಟು ನಡೆದರು. ತಾಳೆಮರ ಇದ್ದಲ್ಲೇ ಇತ್ತು. ಬಿಲ್ಲಿನ ಕಾಲು ಅದನ್ನು ಬಿಟ್ಟು ಬಾಪನ ಜೊತೆಗೆ ಮುಂದೆ ಬಂದಿತ್ತು. ನಿಂತರೆ ಅದೂ ನಿಂತಿತು. ಬಾಪ ಮತ್ತೆ ನಡೆದರು, ಆಮೇಲೆ ಓಡಿದರು. ಬಿಲ್ಲು ಮಾಯವಾಗುವ ಮೊದಲು ನೋಡಬೇಕಲ್ಲ! ಲುಂಗಿ ಎತ್ತಿ ಕಟ್ಟಿ, ಮಳೆಯಲ್ಲಿ, ಕಣ್ಣು ಗುಡ್ಡದ ಮೇಲೆ, ಕಾಲು ಕೆಸರಲ್ಲಿ. ನಾನು ಕೊಡೆ ಹಿಡಿದು ಹಿಂದೆ. ತಡಮೆ ದಾಟಿದ್ದು ಅವರಿಗೆ ಗೊತ್ತಾಗಲಿಲ್ಲ. ಹೋಗಿ ನಿಂತದ್ದು ನಿಮ್ಮ ಅಂಗಳದಲ್ಲಿ, ನಿನ್ನ ಅಪ್ಪನ ಪಕ್ಕದಲ್ಲಿ.

ನಿನ್ನ ಅಪ್ಪ ಕೈಕಟ್ಟಿ ಬಿಲ್ಲನ್ನೇ ನೋಡುತ್ತಿದ್ದರು. ತಿರುಗಲಿಲ್ಲ.

"ಭಟ್ರೇ" ಎಂದರು ಬಾಪ, ಏದುಸಿರು ಬಿಡುತ್ತಾ. "ಅದರ ಕಾಲು ನಿಮಗೆ ಎಲ್ಲಿ ಕಾಣ್ತದೆ? ನನಗೆ ಇಲ್ಲಿ..." ಎಂದು ಕೈ ಎತ್ತಿದರು.

ನಿನ್ನ ಅಪ್ಪ ಬಾಪನ ಕೈ ಹಿಡಿದು ಕೆಳಗಿಳಿಸಿದರು. "ಬೆರಳು ತೋರಿಸ್ಬೇಡಿ ಮಾರಾಯ್ರೆ" ಎಂದರು. ಅಕ್ಟೋಬರಿನ ನಂತರ ಅವರು ಬಾಪನಿಗೆ ಹೇಳಿದ ಮೊದಲ ಮಾತು ಅದು. ಹಿಡಿದ ಕೈ ಬಿಡಲೂ ಇಲ್ಲ. ಇಬ್ಬರೂ ಹಾಗೆಯೇ ನಿಂತರು. ಮಳೆ ಇಬ್ಬರ ಮೇಲೂ ಬೀಳುತ್ತಿತ್ತು. ಕೊಡೆ ಹಿಡಿಯಲು ಹತ್ತಿರ ಹೋಗಬೇಕೋ ಬೇಡವೋ ಎಂದು ತಿಳಿಯದೆ ನಾನು ದೂರವೇ ನಿಂತೆ.

ಬಿಲ್ಲು ಮಾಯವಾದ ಮೇಲೆ ನಿನ್ನ ಅಪ್ಪ ಹೇಳಿದರು: "ಬೈಹುಲ್ಲಿನ ಮೆದೆಯ ನೇರಕ್ಕೆ."

"ನನಗೂ ಅಲ್ಲಿಯೇ" ಎಂದರು ಬಾಪ. "ನಮ್ಮ ಅಂಗಳದಲ್ಲಿ ನಿಂತಾಗ ತಾಳೆಮರದ ಹತ್ರ ಇತ್ತು. ನನ್ನೊಟ್ಟಿಗೇ ಓಡಿ ಬಂತು, ನಾಯಿಯ ಹಾಗೆ." ಮುಖದ ಮಳೆನೀರು ಒರೆಸಿಕೊಂಡು, "ಅಂದು ನೀವು ಕಂಡದ್ದು ಗೇರುಮರವೇ ಭಟ್ರೇ. ನಾನು ಆಡಿದ ಮಾತು ಸರಿ ಇಲ್ಲ" ಎಂದರು.

"ಮಗಳು ಬರೆದಿದ್ದಳು. ನಾನು ಅವಳಿಗೆ ಗದರಿಸಿದೆ."

"ನನ್ನ ಮಗಳು ತಾಯಿಯ ಬಾಯಲ್ಲಿ ಹೇಳಿಸಿದ್ದಳು. ನಾನು ಉಗುಳಿನ ಬಿಲ್ಲು ಅಂದೆ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದೆ. ನಿನ್ನ ಅಮ್ಮ ಬಾಗಿಲಿಗೆ ಬಂದು, "ಸಫಿಯಾ, ಬಂದೆಯಾ?" ಎಂದರು. ಬಂದೆ ಎಂದೆ. ಅಷ್ಟೇ ಹೇಳಲು ಆದದ್ದು.

ನಿನ್ನ
ಸಫಿಯಮ್ಮ


ಕೆದಂಬಾಡಿ
8-5-1959

ಪ್ರೀತಿಯ ಗೋದಾವರಿಗೆ,

ನಿನ್ನ ಪರೀಕ್ಷೆಯ ಹೊತ್ತು, ಚಿಕ್ಕದಾಗಿ ಬರೆಯುತ್ತೇನೆ.

ಬಾವಿ ಅಗೆಯುತ್ತಿದ್ದಾರೆ. ಬಿಲ್ಲು ಕೈಬಿಟ್ಟ ಮೇಲೆ ಜಾಗ ಯಾರು ಹೇಳುವುದು ಎಂದು ತಡಮೆಯ ಹತ್ತಿರ ಮತ್ತೆ ಮಾತು ಸುರುವಾಗಿತ್ತು. ಜೋಯಿಸರು, ಮುಸ್ಲಿಯಾರರು, ಅದೇ ನಗು. ಉಮ್ಮ ತಂಗಿಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ, "ಗಡಿಯ ಕಣಿಯ ತಗ್ಗಿನಲ್ಲಿ ಕೆಸುವಿನ ಎಲೆ ಮಾರ್ಚಿನಲ್ಲೂ ಬಾಡುದಿಲ್ಲ. ಪತ್ರೊಡೆಗೆ ಸತ್ಯವತಿಯಮ್ಮ ಆಚೆಯಿಂದ ಕೊಯ್ಯುದು, ನಾನು ಈಚೆಯಿಂದ ಕೊಯ್ಯುದು. ಬೇರಿಗೆ ನೀರು ಇಲ್ಲದೆ ಎಲೆ ಬರ್ತದಾ?" ಎಂದಳು.

"ಮೊದಲೇ ಹೇಳ್ಬಾರದಾ?" ಎಂದರು ಬಾಪ.

"ನೀವು ಆಕಾಶದ ಹತ್ರ ಕೇಳಿದ್ದು. ನನ್ನ ಹತ್ರ ಕೇಳಿದ್ದಾ?"

ನಿನ್ನ ಅಪ್ಪ ಬೈರಾಸಿನಿಂದ ಬಾಯಿ ಮುಚ್ಚಿ ನಕ್ಕರು. ಅಲ್ಲಿಯೇ ಅಗೆಯುವುದು ಎಂದಾಯಿತು, ಯಾರ ಬದಿಗೂ ಅಲ್ಲ, ಗಡಿಯ ನಡುವೆ. ಹೊಂಡದ ಒಳಗೆ ಬಾಪ ಇಳಿಯುತ್ತಾರೆ, ಮೇಲಿನಿಂದ ಬುಟ್ಟಿ ಎಳೆಯುವುದು ನಿನ್ನ ಅಪ್ಪ ಮತ್ತು ನಿಮ್ಮ ಕೆಲಸದವರು. ನೀರು ಸಿಗುತ್ತದೆಯೋ ಇಲ್ಲವೋ ಎಂದು ಕೇಳಿದರೆ ಇಬ್ಬರೂ, ನೋಡುವ ಎನ್ನುತ್ತಾರೆ. ಒಬ್ಬರ ಮುಖ ಒಬ್ಬರು ನೋಡಿ ಹೇಳುತ್ತಾರೆ.

ನೀನು ಬರುವಾಗ ಸುಳ್ಯದ ಸಂಬಂಧದ ಬಗ್ಗೆ ನಾನು ಕೇಳುವುದಿಲ್ಲ. ಹೇಳಬೇಕೆನಿಸಿದರೆ ನೀನೇ ಹೇಳು. ನಾವಿಬ್ಬರೂ ಬಿಸಿಲಿಗೆ ಬೆನ್ನು ಹಾಕಿ ನಿಂತು ನೀರು ಊದುವ. ಎರಡು ಬಿಲ್ಲು ಆಗಲಿ.

ನಿನ್ನೆ ಕೆಂಪು ಮುರಕಲ್ಲು ಮುಗಿದು ಬಿಳಿ ಜೇಡಿಮಣ್ಣು ಬಂತು. ಹಿಂಡಿದರೆ ನೀರು ಬರುವುದಿಲ್ಲ, ಆದರೆ ಅಂಗೈ ತಂಪಾಗುತ್ತದೆ. ನಮ್ಮ ಒಲೆಯ ಬದಿ ಬಿರುಕು ಬಿಟ್ಟಿತ್ತು. ಇವತ್ತು ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಹೋಗಿ ಆ ಮಣ್ಣಿನ ಒಂದು ಮುದ್ದೆ ತಂದು ಬಿರುಕಿಗೆ ಮೆತ್ತಿದೆ. ಕಲಸಲು ನೀರು ಹಾಕಬೇಕಾಗಲಿಲ್ಲ.

ನಿನ್ನ
ಸಫಿಯಮ್ಮ